ಕಂಬಿ ಮುರೀಲಿಲ್ಲ, ಜಾರಿ ಬಂತು

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ)

ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಕೇಳ್ತಿರೋರಿಗೆ, ಹಾಸ್ಟೆಲ್ ರೂಮಲ್ಲಿ ಬಟ್ಟೆ ಒಗೀತಾ ಕೇಳ್ತಿರೋರಿಗೆ, ತೋಟದಲ್ಲಿ ಕರೆಂಟ್ ಬರ್ಲಿ ಅಂತ ಮೋಟರ್ ಹತ್ರ ಕಾಯ್ತಾ ಕೇಳ್ತಿರೋರಿಗೆ, ಎಲ್ಲರಿಗೂ ಸ್ವಾಗತ.

ಇವತ್ತಿನ ವಿಷಯ ಸ್ವಲ್ಪ ಗಟ್ಟಿ. ಕಾಂಕ್ರೀಟ್ ಒಳಗೆ ಕಂಬಿ ಹೇಗೆ ಹಿಡ್ಕೊಂಡಿರುತ್ತೆ ಅನ್ನೋದು. ಇದು ಎಂಜಿನಿಯರಿಂಗ್ ಪಾಠ, ನಮಗ್ಯಾಕೆ ಅಂತ ಸ್ಕಿಪ್ ಮಾಡಬೇಡಿ. ನಿಮ್ಮ ಮನೇಲಿ ಇವತ್ತಲ್ಲ ನಾಳೆ ಒಂದು ಮಹಡಿಯೋ, ಒಂದು ಪೋರ್ಟಿಕೋನೋ ಕಟ್ಟೇ ಕಟ್ತಾರೆ. ಆಗ ಸೈಟಲ್ಲಿ ಒಂದು ಟೇಪ್ ಹಿಡ್ಕೊಂಡು ನಿಲ್ಲೋಕೆ ಬೇಕಾಗೋಷ್ಟು ಮಾತ್ರ ಹೇಳ್ತೀನಿ.

ಮೊದಲು ಒಂದು ಮನೆ ಕಥೆ.

ಹೊಸದುರ್ಗ ತಾಲ್ಲೂಕಿನ ಒಂದು ಊರಲ್ಲಿ ನಮ್ಮ ಅಜ್ಜಿ ಮನೆ. ನಾನು ಹುಟ್ಟೋಕೂ ಮುಂಚೆ ಕಟ್ಟಿದ್ದು. ಮುಂಬಾಗಿಲ ಪಕ್ಕದ ಕಿಟಕಿ ಮೇಲೆ ಎರಡು ಅಡಿ ಮುಂದೆ ಚಾಚಿದ ಸಜ್ಜ. ಅದರ ನೆರಳಲ್ಲಿ ಕೂತೇ ಅಜ್ಜಿ ಹುಣಸೆಹಣ್ಣು ಬಿಡಿಸ್ತಿದ್ದಿದ್ದು. ಸಂಜೆ ಆದ್ರೆ ಅಲ್ಲೇ ಕರು ಕಟ್ತಿದ್ರು. ನಾನು ಎಂಟನೇ ಕ್ಲಾಸಲ್ಲಿದ್ದಾಗ ಒಂದು ರಾತ್ರಿ ಮಳೆ ಹೊಡೀತು. ಎರಚಲು ಜಾಸ್ತಿ ಅಂತ ಅಜ್ಜಿ ಎದ್ದು ಕರುವನ್ನ ಒಳಗೆ ತಂದು ಕಟ್ಟಿದ್ರು. ಅದಾಗಿ ಅರ್ಧ ಗಂಟೆಗೆ ಸಜ್ಜ ಬಿತ್ತು. ಇಡೀ ಸಜ್ಜ, ಒಂದೇ ತುಂಡಾಗಿ.

ಬೆಳಗ್ಗೆ ಊರೋರೆಲ್ಲ ಬಂದು ನೋಡಿದ್ರು. 'ಕಂಬಿ ಕಳಪೆ ಕಣಪ್ಪ' ಅಂತ ಒಬ್ರು. 'ಸಿಮೆಂಟ್ ಕಮ್ಮಿ ಹಾಕಿದಾರೆ' ಅಂತ ಇನ್ನೊಬ್ರು. ನನಗೆ ನೆನಪಿರೋದು ಬೇರೆ. ಗೋಡೇಲಿ ಸಾಲಾಗಿ ಸಣ್ಣ ಸಣ್ಣ ತೂತು ಇದ್ವು. ಬಿದ್ದ ಸಜ್ಜದಿಂದ ಕಂಬಿಗಳು ಹೊರಗೆ ಚಾಚಿದ್ವು. ಒಂದೂ ಮುರಿದಿರಲಿಲ್ಲ, ಬಾಗಿರಲಿಲ್ಲ. ಕತ್ತರಿಸಿದ ತುದಿ ಹಾಗೇ ಇತ್ತು. ಹದವಾದ ಮಣ್ಣಿಂದ ಮೂಲಂಗಿ ಕಿತ್ತ ಹಾಗೆ ಬಂದಿದ್ವು.

ಆಮೇಲೆ ನಾನು ಸಿವಿಲ್ ಎಂಜಿನಿಯರಿಂಗ್ ಸೇರಿದೆ. ಎರಡು ವರ್ಷ ಕಳೆದ ಮೇಲೆ, ಒಂದು ದಿನ ಕ್ಲಾಸಲ್ಲಿ ಆ ಬೆಳಗ್ಗೆ ಅರ್ಥ ಆಯ್ತು. ಕಂಬಿ ಕಳಪೆ ಆಗಿದ್ರೆ ತುಂಡಾಗಬೇಕಿತ್ತು. ತುಂಡಾಗಿಲ್ಲ. ಅಂದ್ರೆ ಕಂಬಿಗೆ ಇನ್ನೂ ಶಕ್ತಿ ಇತ್ತು. ಕೈ ಕೊಟ್ಟಿದ್ದು ಹಿಡಿತ. ಕಂಬಿ ಮುರೀಲಿಲ್ಲ, ಜಾರಿ ಬಂತು.

ಈಗ ಒಂದು ಪ್ರಶ್ನೆ. ನಮ್ಮ ಜಿಲ್ಲೇಲೇ, ಹಿರಿಯೂರು ತಾಲ್ಲೂಕಲ್ಲಿ, ವಾಣಿ ವಿಲಾಸ ಸಾಗರ ಇದೆಯಲ್ಲ, ನಾವು ಮಾರಿಕಣಿವೆ ಅನ್ನೋದು? ವೇದಾವತಿಗೆ ಅಡ್ಡ ಕಟ್ಟಿದ ಕಟ್ಟೆ. 1898ರಲ್ಲಿ ಕೆಲಸ ಶುರುವಾಗಿ 1907ಕ್ಕೆ ಮುಗಿದಿದ್ದು. 130 ಅಡಿ ನೀರು, ಸುಮಾರು 30 ಟಿಎಂಸಿ ಹಿಡಿಯುತ್ತೆ. 1933ರಲ್ಲಿ ಕೋಡಿ ಬಿದ್ದಿದ್ದು, ಆಮೇಲೆ 2022ರಲ್ಲಿ ಮತ್ತೆ ಬಿತ್ತು. ನಿಮ್ಮಲ್ಲಿ ಎಷ್ಟೋ ಜನ ಹೋಗಿ ರೀಲ್ಸ್ ಮಾಡ್ಕೊಂಡು ಬಂದಿದೀರಿ. ಆ ಕಟ್ಟೆ ಕಲ್ಲು ಗಾರೆಯದ್ದು. ಅದು ನಿಂತಿರೋದು ಕಂಬಿಯ ಬಲದಿಂದ ಅಲ್ಲ. ಚಿತ್ರದುರ್ಗದ ಏಳು ಸುತ್ತಿನ ಕೋಟೆಯ ಗೋಡೆಗಳೂ ಹಾಗೇ. ಕಂಬಿಯ ಹಂಗಿಲ್ಲದ ಕಟ್ಟೆ ನೂರು ವರ್ಷ ದಾಟಿ ನಿಂತಿದೆ, ಕಂಬಿ ಹಾಕಿದ ನಮ್ಮ ಅಜ್ಜಿ ಮನೆ ಸಜ್ಜ ಬಿತ್ತು. ಯಾಕೆ?

ಉತ್ತರ ಸುಲಭ ಇದೆ. ಕಲ್ಲಾಗಲಿ, ಕಾಂಕ್ರೀಟ್ ಆಗಲಿ, ಒತ್ತಿದ್ರೆ ತಡ್ಕೊಳ್ಳುತ್ತೆ, ಎಳೆದ್ರೆ ತಡ್ಕೊಳ್ಳಲ್ಲ. ಕಾಂಕ್ರೀಟ್‌ನ ಎಳೆತದ ಶಕ್ತಿ ಅದರ ಒತ್ತಡದ ಶಕ್ತಿಯಲ್ಲಿ ಹತ್ತರಲ್ಲಿ ಒಂದು ಪಾಲು ಅಂತ ಇಟ್ಕೊಳ್ಳಿ. ಮಾರಿಕಣಿವೆ ಕಟ್ಟೆ ತನ್ನ ತೂಕದಿಂದಲೇ ನೀರನ್ನ ತಡೆಯುತ್ತೆ. ಅದರ ಒಳಗೆ ಎಲ್ಲ ಕಡೆ ಒತ್ತಡವೇ ಇರೋ ಹಾಗೆ, ಬುಡ ದಪ್ಪ, ತಲೆ ಸಣ್ಣ ಮಾಡಿ ಕಟ್ಟಿದಾರೆ. ಎಳೆತಕ್ಕೆ ಅಲ್ಲಿ ಜಾಗವೇ ಇಲ್ಲ. ಆದ್ರೆ ಸಜ್ಜ ಗಾಳಿಯಲ್ಲಿ ಚಾಚಿಕೊಂಡಿದೆ. ತುದಿ ಕೆಳಗೆ ಬೀಳೋಕೆ ನೋಡುತ್ತೆ. ಆಗ ಗೋಡೆ ಹತ್ರ ಅದರ ಮೇಲ್ಭಾಗ ಹಿಗ್ಗುತ್ತೆ, ಕೆಳಭಾಗ ಕುಗ್ಗುತ್ತೆ. ಮೇಲ್ಭಾಗದ ಎಳೆತ ತಡೆಯೋಕೆ ಕಂಬಿ ಬೇಕೇ ಬೇಕು. ಹಾಗಾಗಿ ಸಜ್ಜದಲ್ಲಿ ಮುಖ್ಯ ಕಂಬಿ ಮೇಲಿರಬೇಕು. ರೂಮಿನ ಸೂರಲ್ಲಿ, ಎರಡೂ ಕಡೆ ಗೋಡೆ ಇರೋದ್ರಿಂದ, ನಡುವೆ ಕೆಳಗಿರಬೇಕು. ಇದನ್ನ ಮೊದಲು ತಲೇಲಿಟ್ಕೊಳ್ಳಿ.

ಸರಿ, ಕಂಬಿ ಹಾಕಿದ್ವಿ. ಆದ್ರೆ ಕಂಬಿ ಎಳೆತ ತಡೀಬೇಕಾದ್ರೆ ಅದನ್ನ ಯಾರಾದ್ರೂ ಹಿಂದಿನಿಂದ ಹಿಡ್ಕೊಂಡಿರಬೇಕಲ್ವಾ? ಗೂಟ ಅಲ್ಲಾಡ್ತಿದ್ರೆ ಎಷ್ಟು ಗಟ್ಟಿ ಹಗ್ಗ ಇದ್ದು ಏನು ಪ್ರಯೋಜನ, ಎತ್ತು ಗೂಟಾನೇ ಕಿತ್ಕೊಂಡು ಹೋಗುತ್ತೆ.

ಹಿಡ್ಕೊಳ್ಳೋದು ಯಾರು? ಸುತ್ತ ಇರೋ ಕಾಂಕ್ರೀಟ್. ಹೇಗೆ? ಮೂರು ರೀತಿ. ಒಂದು, ಸಿಮೆಂಟ್ ಪೇಸ್ಟ್ ಕಂಬಿಗೆ ಅಂಟಿಕೊಳ್ಳೋದು. ಇದು ಸಣ್ಣ ಹಿಡಿತ, ಕಂಬಿ ಕೂದಲೆಳೆಯಷ್ಟು ಜರುಗಿದ್ರೆ ಬಿಟ್ಟುಹೋಗುತ್ತೆ. ಎರಡು, ಉಜ್ಜಾಟ, ಅಂದ್ರೆ ಘರ್ಷಣೆ. ಮೂರು, ಕಂಬಿ ಮೈಮೇಲಿನ ಗೆರೆಗಳು. ಟಿಎಂಟಿ ಕಂಬಿಯನ್ನ ಕೈಯಲ್ಲಿ ಸವರಿ ನೋಡಿ, ಏಣುಗಳಿರುತ್ತೆ. ಅವು ಅಂದಕ್ಕಲ್ಲ. ಆ ಏಣು ಕಾಂಕ್ರೀಟ್‌ಗೆ ಹಲ್ಲಿನ ಹಾಗೆ ಕಚ್ಚಿಕೊಳ್ಳುತ್ತೆ. ಈಗಿನ ಕಂಬಿಗಳಲ್ಲಿ ಬಹುಪಾಲು ಹಿಡಿತ ಬರೋದು ಇದರಿಂದಲೇ.

ಹಳೇ ಕಾಲದಲ್ಲಿ ನುಣುಪಾದ ಕಂಬಿ ಬರ್ತಿತ್ತು. ಅಮೆರಿಕದಲ್ಲಿ ಅರ್ನೆಸ್ಟ್ ರಾನ್ಸಮ್ ಅನ್ನೋರು ಚೌಕಾಕಾರದ ಕಂಬಿಯನ್ನ ಹುರಿ ಹೊಡೆದ ಹಾಗೆ ತಿರುಚಿ 1884ರಲ್ಲಿ ಪೇಟೆಂಟ್ ತಗೊಂಡ್ರು. ತಿರುಚಿದ್ದು ಹಿಡಿತಕ್ಕೋಸ್ಕರ. ನಮ್ಮಲ್ಲಿ ಆಮೇಲೆ ಬಂದ ಟಾರ್ ಸ್ಟೀಲ್, ಅದಾದ ಮೇಲೆ ಟಿಎಂಟಿ, ಎಲ್ಲದರ ಮೈಮೇಲೂ ಏಣು ಇದೆ. ನುಣುಪು ಕಂಬಿ ಹಾಕ್ತಿದ್ದಾಗ ತುದಿಗೆ ಕೊಕ್ಕೆ ಬಗ್ಗಿಸ್ಲೇಬೇಕಿತ್ತು. ನಮ್ಮ ಅಜ್ಜಿ ಮನೆ ಸಜ್ಜದ ಕಂಬಿ ನುಣುಪು. ಕೊಕ್ಕೆ ಇರಲಿಲ್ಲ. ಗೋಡೆಯೊಳಗೆ ಹೋಗಿದ್ದು ನಾಲ್ಕೈದು ಇಂಚು.

ಹಾಗಾದ್ರೆ ಎಷ್ಟು ಹೋಗಬೇಕಿತ್ತು? ಈಗ ಲೆಕ್ಕಕ್ಕೆ ಬರೋಣ. ಹೆದರಬೇಡಿ, ಜಾತ್ರೆ ಲೆಕ್ಕ.

ಹಿರಿಯೂರಿನ ತೇರುಮಲ್ಲೇಶ್ವರ ಸ್ವಾಮಿ ತೇರು ನೋಡಿದೀರಾ? ಆ ತೇರನ್ನ ಎಳೆಯೋ ಹಗ್ಗ ನೆನಪಿಸ್ಕೊಳ್ಳಿ. ಒಬ್ಬೊಬ್ಬರ ಕೈ ಹಿಡಿತ ಇಷ್ಟೇ ಅಂತ ಇರುತ್ತೆ. ಹತ್ತು ಜನ ಹಿಡಿದ್ರೆ ಹಗ್ಗ ಕೈಯಿಂದ ಜಾರುತ್ತೆ, ತೇರು ಅಲ್ಲಾಡಲ್ಲ. ನೂರಾರು ಜನ ಹಿಡಿದ್ರೆ ಹಗ್ಗದ ಉದ್ದಕ್ಕೂ ಕೈ, ತೇರು ಹೊರಡುತ್ತೆ. ನೂರಾರು ಜನ ನಿಲ್ಲೋಕೆ ಅಷ್ಟು ಉದ್ದದ ಹಗ್ಗ ಬೇಕು. ಮೂರು ಮಾರು ಹಗ್ಗಕ್ಕೆ ಇನ್ನೂರು ಜನ ಕೈ ಹಾಕೋಕಾಗಲ್ಲ.

ಕಾಂಕ್ರೀಟ್ ಒಳಗೂ ಅದೇ. ಕಂಬಿಯ ಒಂದೊಂದು ಸೆಂಟಿಮೀಟರೂ ಒಂದೊಂದು ಕೈ. ನಮ್ಮ ದೇಶದ ಕಾಂಕ್ರೀಟ್ ಸಂಹಿತೆ ಐಎಸ್ 456 ಅಂತ ಇದೆ. ಅದರ ಪ್ರಕಾರ, ಮನೆಗೆ ಹಾಕೋ ಎಂ 20 ಕಾಂಕ್ರೀಟ್‌ನಲ್ಲಿ ಏಣಿರೋ ಕಂಬಿಯ ಹಿಡಿತವನ್ನ ಒಂದು ಚದರ ಮಿಲಿಮೀಟರ್‌ಗೆ 1.92 ನ್ಯೂಟನ್ ಅಂತ ಲೆಕ್ಕ ಹಿಡೀತೀವಿ. ಅಂದ್ರೆ ಒಂದು ಚದರ ಸೆಂಟಿಮೀಟರ್‌ಗೆ ಸುಮಾರು 20 ಕೆಜಿ. 12 ಎಂಎಂ ಕಂಬಿಯ ಸುತ್ತಳತೆ 3.77 ಸೆಂಟಿಮೀಟರ್. ಹಾಗಾಗಿ ಒಂದು ಸೆಂಟಿಮೀಟರ್ ಉದ್ದಕ್ಕೆ ಸುಮಾರು 74 ಕೆಜಿ ಹಿಡಿತ. ಇದು ಒಂದು ಕೈ.

ಈಗ ತೇರಿನ ತೂಕ. ಅಂಗಡೀಲಿ ಸಿಗೋ ಎಫ್‌ಇ 500 ಕಂಬಿ, 12 ಎಂಎಂ, ನಮ್ಮ ಕಿರುಬೆರಳ ದಪ್ಪ. ಅದು ಎಷ್ಟು ಎಳೆತ ತಡ್ಕೊಳ್ಳುತ್ತೆ ಅಂತ ನಾವು ಲೆಕ್ಕಕ್ಕೆ ತಗೋತೀವಿ ಗೊತ್ತಾ? ಸುಮಾರು 5 ಟನ್. 50 ಕೆಜಿಯ ನೂರು ಸಿಮೆಂಟ್ ಚೀಲವನ್ನ ಒಂದು ಕಿರುಬೆರಳಿಗೆ ನೇತುಹಾಕಿದ ಹಾಗೆ. 5 ಟನ್ ಅಂದ್ರೆ 5000 ಕೆಜಿ. 74ರಿಂದ ಭಾಗಿಸಿ. ಸುಮಾರು 68 ಸೆಂಟಿಮೀಟರ್ ಬರುತ್ತೆ. ಎರಡು ಅಡಿ ಮೂರು ಇಂಚು. ಅಷ್ಟು ಉದ್ದ ಕಾಂಕ್ರೀಟ್ ಒಳಗಿದ್ರೆ ಮಾತ್ರ ಆ ಕಂಬಿ ತನ್ನ ಪೂರ್ತಿ ಶಕ್ತಿ ತೋರಿಸೋಕೆ ಸಾಧ್ಯ. ಅದಕ್ಕಿಂತ ಕಮ್ಮಿ ಇದ್ರೆ, ನೀವು ದುಡ್ಡು ಕೊಟ್ಟು ತಂದ ಕಂಬಿಯಲ್ಲಿ ಸ್ವಲ್ಪ ಭಾಗದ ಶಕ್ತಿ ಮಾತ್ರ ಕೆಲಸಕ್ಕೆ ಬರುತ್ತೆ. ಈ ಉದ್ದಕ್ಕೆ ನಾವು ಡೆವಲಪ್‌ಮೆಂಟ್ ಲೆಂತ್ ಅಂತೀವಿ. ನಾನಿವತ್ತು ಹಿಡಿತದ ಉದ್ದ ಅಂತ ಕರೀತೀನಿ.

ಇದನ್ನ ನೆನಪಿಡೋ ದಾರಿ ಏನಂದ್ರೆ, ಕಂಬಿ ದಪ್ಪದ ಇಷ್ಟು ಪಟ್ಟು ಅನ್ನೋದು. ಎಂ 20 ಕಾಂಕ್ರೀಟ್‌ಗೆ ಎಫ್‌ಇ 500 ಕಂಬಿ ಆದ್ರೆ ದಪ್ಪದ 57 ಪಟ್ಟು. 8 ಎಂಎಂ ಕಂಬಿಗೆ ಒಂದೂವರೆ ಅಡಿ. 12ಕ್ಕೆ ಎರಡೂ ಕಾಲು ಅಡಿ. 16 ಎಂಎಂಗೆ ಮೂರು ಅಡಿ.

ಇಲ್ಲೇ ನಮ್ಮ ಮೇಸ್ತ್ರಿ ಮಾವನ ಕಥೆ ಹೇಳಬೇಕು.

ಹೊಳಲ್ಕೆರೇಲಿ ನಮ್ಮ ಚಿಕ್ಕಪ್ಪ ಮನೆ ಕಟ್ಟಿಸ್ತಿದ್ರು. ನಾನು ಆಗ ತಾನೇ ಡಿಗ್ರಿ ಮುಗಿಸಿ, ಹೊಸ ಹೆಲ್ಮೆಟ್ ಹಾಕ್ಕೊಂಡು ಸೈಟಿಗೆ ಹೋದೆ. ಮೇಸ್ತ್ರಿ ನನ್ನನ್ನ ಚಿಕ್ಕೋಳಿದ್ದಾಗಿಂದ ನೋಡಿದೋರು. ಮೂವತ್ತು ವರ್ಷದ ಕೆಲಸ. ಪಿಲ್ಲರ್ ಕಂಬಿ ಜೋಡಿಸೋ ಕಡೆ ಟೇಪ್ ಹಿಡಿದು ನೋಡಿದೆ. ಎಲ್ಲಾ ಕಡೆ ಸರಿಯಾಗಿ ಎರಡು ಅಡಿ. 16 ಎಂಎಂ ಕಂಬಿಗೂ ಎರಡಡಿ.

'ಮಾವ, ಇದು ಸಾಲಲ್ಲ' ಅಂದೆ.

'ನೋಡವ್ವ, ನಾನು ಮೂವತ್ತು ವರ್ಷದಿಂದ ಎರಡಡಿನೇ ಬಿಡ್ತಿರೋದು. ಒಂದು ಮನೆ ಬಿದ್ದಿದ್ ತೋರ್ಸು' ಅಂದ್ರು.

ನನಗೆ ಸಿಟ್ಟು ಬಂತು. ಪುಸ್ತಕ ತೆಗೆದು ತೋರಿಸೋಕೆ ಹೋದೆ. ಅವರು ನೋಡಲೇ ಇಲ್ಲ. ಚಿಕ್ಕಪ್ಪಂಗೆ ಪೇಚು. ಅವತ್ತು ಜಗಳ ಆಗೋಗ್ತಿತ್ತು. ರಾತ್ರಿ ಮನೆಗೆ ಬಂದು, ಈ ಎರಡಡಿ ಎಲ್ಲಿಂದ ಬಂತು ಅಂತ ಯೋಚನೆ ಮಾಡ್ತಾ ಹಳೇ ಕಂಬಿಗೆ ಲೆಕ್ಕ ಹಾಕಿದೆ. ಅವರು ಕೆಲಸ ಕಲಿತ ಕಾಲದಲ್ಲಿ ಬರ್ತಿದ್ದುದು ಎಫ್‌ಇ 415. ಅದಕ್ಕೆ ಹಿಡಿತದ ಉದ್ದ ದಪ್ಪದ 47 ಪಟ್ಟು. 12 ಎಂಎಂ ಕಂಬಿಗೆ 564 ಮಿಲಿಮೀಟರ್. ಅಂದ್ರೆ 22 ಇಂಚು. ಹತ್ತಿರ ಹತ್ತಿರ ಎರಡಡಿ!

ಮಾವ ತಪ್ಪು ಹೇಳಿರಲಿಲ್ಲ. ಅವರ ಎರಡಡಿ, ಅವರ ಕಾಲದ ಕಂಬಿಗೆ, ಆ ದಪ್ಪಕ್ಕೆ ಸರಿಯಾಗೇ ಇತ್ತು. ಬದಲಾಗಿದ್ದು ಕಂಬಿ.

ಇದು ತುಂಬಾ ಜನಕ್ಕೆ ಗೊತ್ತಿಲ್ಲದ ವಿಷಯ, ಹಾಗಾಗಿ ನಿಧಾನಕ್ಕೆ ಹೇಳ್ತೀನಿ. ಅಂಗಡೀಲಿ 'ಇದು ಎಫ್‌ಇ 550, ಇನ್ನೂ ಸ್ಟ್ರಾಂಗ್' ಅಂತ ಕೊಡ್ತಾರೆ. ಸ್ಟ್ರಾಂಗ್ ಅನ್ನೋದು ನಿಜ. ಆದ್ರೆ ಕಂಬಿಗೆ ಶಕ್ತಿ ಜಾಸ್ತಿ ಆಯ್ತು, ಅದನ್ನ ಹಿಡ್ಕೊಳ್ಳೋ ಕಾಂಕ್ರೀಟ್ ಹಾಗೇ ಇದೆ. ತೇರು ದೊಡ್ಡದಾಯ್ತು, ಒಂದೊಂದು ಕೈಯ ಹಿಡಿತ ಅಷ್ಟೇ. ಆಗ ಏನು ಮಾಡಬೇಕು? ಜನ ಜಾಸ್ತಿ ಮಾಡಬೇಕು, ಹಗ್ಗ ಉದ್ದ ಮಾಡಬೇಕು. ಎಫ್‌ಇ 550ಗೆ ಎಂ 20ರಲ್ಲಿ ದಪ್ಪದ 62 ಪಟ್ಟು ಬೇಕು, 12 ಎಂಎಂಗೆ ಸುಮಾರು ಎರಡೂವರೆ ಅಡಿ. ಒಳ್ಳೇ ಕಂಬಿ ತಂದು ಹಳೇ ಅಳತೆಗೆ ಕತ್ತರಿಸಿದ್ರೆ, ಜಾಸ್ತಿ ಕೊಟ್ಟ ದುಡ್ಡು ಕಾಂಕ್ರೀಟ್ ಒಳಗೆ ಸುಮ್ನೆ ಮಲಗಿರುತ್ತೆ. ಬೇರೆ ದಾರೀನೂ ಇದೆ, ಕಾಂಕ್ರೀಟನ್ನೇ ಗಟ್ಟಿ ಮಾಡೋದು. ಎಂ 25 ಹಾಕಿದ್ರೆ ಎಫ್‌ಇ 500ಗೆ 57 ಪಟ್ಟು ಹೋಗಿ 49 ಪಟ್ಟು ಸಾಕಾಗುತ್ತೆ.

ಮಾರನೇ ದಿನ ಸೈಟಿಗೆ ಹೋಗಿ ಪುಸ್ತಕ ತೆಗೀಲಿಲ್ಲ. 'ಮಾವ, ನಿಮ್ಮ ಎರಡಡಿ ಸರಿ ಇತ್ತು. ಕಂಬಿ ಬದಲಾಗಿದೆ' ಅಂದೆ. ಆಗ ಕೇಳಿದ್ರು ನೋಡಿ. ಕೂತ್ಕೊಂಡು ಬೀಡಿ ಹಚ್ಚಿ, ಪೂರ್ತಿ ಕೇಳಿದ್ರು. ಆಮೇಲೆ ಒಂದೇ ಪ್ರಶ್ನೆ. 'ಬೈಂಡಿಂಗ್ ವೈರ್ ಬಿಗಿಯಾಗಿ ನಾಲ್ಕು ಕಡೆ ಕಟ್ಟಿದೀನಲ್ಲವ್ವ, ಹೆಂಗ್ ಜಾರುತ್ತೆ?'

ಈ ಪ್ರಶ್ನೆ ಎಲ್ಲಾ ಸೈಟಲ್ಲೂ ಬರುತ್ತೆ. ಒಂದು ಕಂಬಿ ಮುಗಿದಲ್ಲಿ ಇನ್ನೊಂದು ಕಂಬಿಯನ್ನ ಪಕ್ಕದಲ್ಲಿ ಇಟ್ಟು ಕಟ್ತಾರಲ್ಲ, ಲ್ಯಾಪಿಂಗ್ ಅಂತಾರೆ. ಅಲ್ಲಿ ಬೈಂಡಿಂಗ್ ವೈರ್ ಎಳೆತ ತಡೆಯಲ್ಲ. ಕಾಂಕ್ರೀಟ್ ಹಾಕೋವರೆಗೆ ಕಂಬಿ ಅತ್ತಿತ್ತ ಹೋಗದ ಹಾಗೆ ಹಿಡ್ಕೊಳ್ಳುತ್ತೆ, ಅದರ ಕೆಲಸ ಅಷ್ಟೇ. ಮೊದಲ ಕಂಬಿ ತನ್ನ ಎಳೆತವನ್ನ ಕಾಂಕ್ರೀಟ್‌ಗೆ ಕೊಡುತ್ತೆ, ಕಾಂಕ್ರೀಟ್ ಅದನ್ನ ಎರಡನೇ ಕಂಬಿಗೆ ಕೊಡುತ್ತೆ.

ಹೊಸದುರ್ಗ, ಹೊಳಲ್ಕೆರೆ ಕಡೆಯೋರಿಗೆ ಇದನ್ನ ಹೇಳೋದು ಸುಲಭ, ತೆಂಗಿನ ಸೀಮೆ ನಮ್ದು. ತೆಂಗಿನ ನಾರಿನ ಹಗ್ಗ ಬಿಚ್ಚಿ ನೋಡಿ. ಒಂದೊಂದು ನಾರು ಒಂದು ಗೇಣು ಇದ್ರೆ ಹೆಚ್ಚು. ಆದ್ರೂ ಹಗ್ಗ ಇಪ್ಪತ್ತು ಮಾರು ಇರುತ್ತೆ. ಒಂದು ನಾರಿಗೂ ಇನ್ನೊಂದಕ್ಕೂ ಗಂಟು ಹಾಕಿಲ್ಲ. ಅಕ್ಕಪಕ್ಕ ಮಲಗಿಸಿ ಹೊಸೆದಿದಾರೆ. ಒಂದು ನಾರು ಮುಗಿಯೋ ಮುಂಚೆ ಇನ್ನೊಂದು ಬಂದು ಅದರ ಭಾರ ತಗೊಂಡಿರುತ್ತೆ. ಲ್ಯಾಪಿಂಗ್ ಅಂದ್ರೆ ಇದೇ. ಹಗ್ಗದಿಂದ ಇನ್ನೂ ಎರಡು ಪಾಠ ಇದೆ.

ಒಂದು, ಹಗ್ಗ ಹೊಸೆಯೋರು ಎಲ್ಲಾ ನಾರನ್ನೂ ಒಂದೇ ಜಾಗದಲ್ಲಿ ಮುಗಿಸಲ್ಲ. ಮುಗಿಸಿದ್ರೆ ಅಲ್ಲೇ ಹಗ್ಗ ತುಂಡಾಗುತ್ತೆ. ಬೀಮ್‌ನಲ್ಲಿ, ಪಿಲ್ಲರ್‌ನಲ್ಲಿ ಎಲ್ಲಾ ಕಂಬಿಯ ಜೋಡಣೆಯೂ ಒಂದೇ ಮಟ್ಟದಲ್ಲಿ ಬರಬಾರದು. ಒಂದರ ನಡುವಿಗೂ ಇನ್ನೊಂದರ ನಡುವಿಗೂ ಲ್ಯಾಪ್ ಉದ್ದದ 1.3 ಪಟ್ಟು ಅಂತರ ಇರಬೇಕು ಅನ್ನುತ್ತೆ ಸಂಹಿತೆ.

ಎರಡು, ಹುರಿ. ಹೊಸೆದಿದ್ದಕ್ಕೇ ನಾರು ನಾರನ್ನ ಒತ್ತಿ ಹಿಡಿದಿದೆ. ಹುರಿ ಬಿಚ್ಚಿದ್ರೆ ನಾರು ಜಾರುತ್ತೆ. ಕಾಂಕ್ರೀಟ್‌ನಲ್ಲಿ ಆ ಹುರಿಯ ಕೆಲಸ ಮಾಡೋದು ರಿಂಗ್. ಕಂಬಿಯನ್ನ ಎಳೆದಾಗ ಅದರ ಏಣುಗಳು ಬೆಣೆ ಹೊಡೆದ ಹಾಗೆ ಸುತ್ತಲಿನ ಕಾಂಕ್ರೀಟನ್ನ ಹೊರಕ್ಕೆ ತಳ್ಳುತ್ತೆ. ಕಟ್ಟಿಗೆಗೆ ಬೆಣೆ ಹೊಡೆದ್ರೆ ಸೀಳುತ್ತಲ್ಲ, ಹಾಗೆ ಕಂಬಿಯ ಉದ್ದಕ್ಕೂ ಕಾಂಕ್ರೀಟ್ ಸೀಳೋಕೆ ನೋಡುತ್ತೆ. ಸೀಳಿದ್ರೆ ಹಿಡಿತ ಮುಗೀತು. ಅದನ್ನ ತಡೆಯೋದು ಎರಡೇ. ಕಂಬಿ ಹೊರಗೆ ಸಾಕಷ್ಟು ದಪ್ಪ ಕವರ್, ಮತ್ತೆ ಸುತ್ತ ಬಿಗಿಯಾದ ರಿಂಗ್. ಪಿಲ್ಲರ್‌ಗೆ 40 ಎಂಎಂ ಕವರ್ ಅಂತ ಹೇಳೋದು ತುಕ್ಕಿಗೆ ಮಾತ್ರ ಅಲ್ಲ, ಹಿಡಿತಕ್ಕೂ ಹೌದು. ರಿಂಗ್‌ನ ತುದೀನ ಬರೀ 90 ಡಿಗ್ರಿಗೆ ಬಗ್ಗಿಸಿ ಬಿಡಬೇಡಿ. 135 ಡಿಗ್ರಿಗೆ, ಅಂದ್ರೆ ಪಿಲ್ಲರ್‌ನ ಒಳಗೆ ಮುಖ ಮಾಡೋ ಹಾಗೆ ಬಗ್ಗಿಸಬೇಕು. ಹೊರಗಿನ ಕಾಂಕ್ರೀಟ್ ಉದುರಿದ್ರೂ ಆಗ ರಿಂಗ್ ಬಿಚ್ಚಿಕೊಳ್ಳಲ್ಲ.

ಇನ್ನು, ಕಂಬಿ ಒಳಗೆ ಹೋಗೋಕೆ ಜಾಗವೇ ಇಲ್ಲದಿದ್ರೆ? ಸಜ್ಜದ್ದೇ ತಗೊಳ್ಳಿ. 8 ಎಂಎಂ ಎಫ್‌ಇ 500 ಕಂಬಿಗೆ ಒಂದೂವರೆ ಅಡಿ ಬೇಕು. ಗೋಡೆ ದಪ್ಪ ಒಂಬತ್ತು ಇಂಚು. ಏನು ಮಾಡೋದು? ಲಿಂಟೆಲ್ ಒಳಗೆ ಪೂರ್ತಿ ಹಿಂದಿನವರೆಗೂ ತಗೊಂಡು ಹೋಗಿ ಕೆಳಗೆ ಬಗ್ಗಿಸಬೇಕು, ಮತ್ತೆ ಮುಂದಕ್ಕೆ ತಿರುಗಿಸಬೇಕು. 90 ಡಿಗ್ರಿ ಬಗ್ಗಿಸಿದ ಒಂದು ಎಲ್‌ಗೆ ಸಂಹಿತೆ ಕಂಬಿ ದಪ್ಪದ 8 ಪಟ್ಟು ಉದ್ದದ ಬೆಲೆ ಕೊಡುತ್ತೆ. ಪೂರ್ತಿ ಯು ಕೊಕ್ಕೆಗೆ 16 ಪಟ್ಟು. ಗಮನಿಸಿ, ಎಲ್ ಹೊಡೆದ ತಕ್ಷಣ ಎಲ್ಲಾ ಆಯ್ತು ಅಂತಲ್ಲ. 8 ಎಂಎಂ ಕಂಬಿಯ ಎಲ್‌ಗೆ ಸಿಗೋದು 64 ಎಂಎಂ ಬೆಲೆ, ಎರಡೂವರೆ ಇಂಚು. ಉಳಿದದ್ದನ್ನ ಉದ್ದದಲ್ಲೇ ತುಂಬಬೇಕು.

ಹಿಡಿತದ ಉದ್ದವನ್ನೇ ನೆಚ್ಚದ ಕಡೆ ಇನ್ನೊಂದು ದಾರಿ ಇದೆ. ಚಿತ್ರದುರ್ಗದ ಜೋಗಿಮಟ್ಟಿ ಕಡೆ ಗುಡ್ಡದ ಮೇಲೆ ಗಾಳಿಯಂತ್ರಗಳಿವೆಯಲ್ಲ. ಅಂಥ ಗೋಪುರವನ್ನ ಗಾಳಿ ತಳ್ಳಿದಾಗ, ಗಾಳಿ ಬರೋ ಕಡೆಯ ಬುಡ ಮೇಲಕ್ಕೆ ಏಳೋಕೆ ನೋಡುತ್ತೆ. ಅಲ್ಲಿ ಪಾಯದೊಳಗೆ ಉದ್ದನೆಯ ಬೋಲ್ಟ್ ಇಳಿಸಿ, ಅದರ ಬುಡಕ್ಕೆ ದಪ್ಪ ಉಕ್ಕಿನ ತಟ್ಟೆ ಹಾಕೋದು ರೂಢಿ. ಬೋಲ್ಟ್ ಮೇಲೆ ಬರಬೇಕಾದ್ರೆ ತಟ್ಟೆಯ ಮೇಲಿನ ಕಾಂಕ್ರೀಟನ್ನೆಲ್ಲ ಹೊತ್ಕೊಂಡೇ ಬರಬೇಕು. ಅಂಗಿ ಗುಂಡಿ ತೂತಿಂದ ಜಾರದ ಹಾಗೆ.

ಈಗ ನಮ್ಮೂರಲ್ಲಿ ದಿನಾ ಕಣ್ಣಿಗೆ ಬೀಳೋ ಒಂದು ದೃಶ್ಯಕ್ಕೆ ಬರ್ತೀನಿ. ತಾರಸಿ ಮೇಲೆ ಪಿಲ್ಲರ್ ಕಂಬಿ ಆಕಾಶಕ್ಕೆ ಮುಖ ಮಾಡಿ ನಿಂತಿರುತ್ತೆ. 'ಮುಂದೆ ಮಗ ಕೆಲಸಕ್ಕೆ ಸೇರಿದ ಮೇಲೆ ಮಹಡಿ ಹಾಕ್ಸೋಣ' ಅಂತ ಬಿಟ್ಟಿರೋದು. ನೀವೇ ಆ ಮಗ, ನೀವೇ ಆ ಮಗಳು. ನಿಮ್ಮ ಕಾಲ ಬಂದಾಗ ಏನು ನೋಡಬೇಕು?

ಮೊದಲು ಉದ್ದ ಅಳೀರಿ. ಒಂದಡಿ ಬಿಟ್ಟಿದ್ರೆ ಅದು ಲ್ಯಾಪ್‌ಗೆ ಸಾಲಲ್ಲ. 12 ಎಂಎಂಗೆ ಎರಡೂ ಕಾಲು, 16ಕ್ಕೆ ಮೂರಡಿ ನೆನಪಿದೆಯಲ್ಲ. ಆಮೇಲೆ ತುಕ್ಕು. ತೆಳುವಾಗಿ ಕಂದು ಬಣ್ಣ ಬಂದಿದ್ರೆ ಹಿಡಿತಕ್ಕೆ ತೊಂದ್ರೆ ಇಲ್ಲ. ಪದರ ಪದರ ಎದ್ದು ಉದುರ್ತಿದ್ರೆ ವೈರ್ ಬ್ರಶ್‌ನಲ್ಲಿ ಉಜ್ಜಿ ತೆಗೀಬೇಕು. ಉಜ್ಜಿದ ಮೇಲೆ ಕಂಬಿ ಸಣ್ಣ ಆಗಿದೆ ಅನ್ಸಿದ್ರೆ, ಏಣೇ ಕಾಣ್ತಿಲ್ಲ ಅಂದ್ರೆ, ಎಂಜಿನಿಯರ್ ಒಬ್ಬರನ್ನ ಕರೆದು ತೋರಿಸದೆ ಮುಂದೆ ಹೋಗಬೇಡಿ. ಈಗ ಮನೆ ಕಟ್ಟಿಸ್ತಿರೋರು, ಬಿಡೋ ಕಂಬಿಗೆ ಬಡ ಕಾಂಕ್ರೀಟ್‌ನ ಒಂದು ಮುಚ್ಚಿಗೆ ಹಾಕಿ ಬಿಡಿ. ಮುಂದೆ ಒಡೆದು ತೆಗೆದ್ರೆ ಕಂಬಿ ಹೊಸದಾಗೇ ಇರುತ್ತೆ.

ಕಂಬಿಯನ್ನೇ ಬಿಟ್ಟಿಲ್ಲ, ಹಳೇ ಕಾಂಕ್ರೀಟ್‌ಗೆ ಡ್ರಿಲ್ ಹೊಡೆದು ಕೆಮಿಕಲ್ ಹಾಕಿ ಕಂಬಿ ನೆಡ್ತಾರೆ, ಅದು ನಡೆಯುತ್ತಾ ಅಂತ ಕೇಳ್ತೀರಿ. ನಡೆಯುತ್ತೆ, ಸರಿಯಾಗಿ ಮಾಡಿದ್ರೆ. ಅಲ್ಲಿ ಎಲ್ಲಾ ನಿಂತಿರೋದು ಒಂದು ಕೆಲಸದ ಮೇಲೆ. ತೂತಿನ ಒಳಗಿನ ಧೂಳು ತೆಗೆಯೋದು. ಗಾಳಿ ಊದಿ, ಬ್ರಶ್ ಹಾಕಿ, ಮತ್ತೆ ಗಾಳಿ ಊದಬೇಕು. ಇಲ್ಲಾಂದ್ರೆ ಅಂಟು ಕಾಂಕ್ರೀಟ್‌ಗೆ ಅಂಟಲ್ಲ, ಧೂಳಿಗೆ ಅಂಟುತ್ತೆ. ಹಪ್ಪಳದ ಹಿಟ್ಟಿಗೆ ಒಣಹಿಟ್ಟು ಸವರಿದ್ರೆ ಮಣೆಗೆ ಅಂಟುತ್ತಾ? ಹಾಗೆ. ಎಷ್ಟು ಆಳ ಅನ್ನೋದನ್ನ ಲೆಕ್ಕ ಹಾಕಿಸಿಯೇ ಹೊಡೆಸಬೇಕು, ಅಂದಾಜಲ್ಲಿ ನಾಲ್ಕು ಇಂಚು ಅಂತ ಅಲ್ಲ.

ಇನ್ನೊಂದು ಮಾತು, ನೀರು. ನಮ್ಮ ಜಿಲ್ಲೆ ಬರದ ಸೀಮೆ, ಎಷ್ಟೋ ಕಡೆ ಬೋರ್‌ವೆಲ್ ನೀರು ಬಾಯಿಗಿಡೋಕಾಗಲ್ಲ. ಆ ನೀರಲ್ಲೇ ಕಾಂಕ್ರೀಟ್ ಕಲಸ್ತೀವಿ. ಕಂಬಿ ಇರೋ ಕಾಂಕ್ರೀಟ್‌ಗೆ ಬಳಸೋ ನೀರಲ್ಲಿ ಕ್ಲೋರೈಡ್ ಲೀಟರ್‌ಗೆ 500 ಮಿಲಿಗ್ರಾಂ ದಾಟಬಾರದು ಅಂತ ಐಎಸ್ 456 ಹೇಳುತ್ತೆ. ಯಾಕಂದ್ರೆ ಸಿಮೆಂಟ್ ಕ್ಷಾರ ಗುಣದ್ದು, ಅದು ಕಂಬಿ ಮೇಲೆ ಒಂದು ರಕ್ಷಣೆಯ ಪೊರೆ ಕಟ್ಟುತ್ತೆ. ಕ್ಲೋರೈಡ್ ಆ ಪೊರೆ ಹರಿಯುತ್ತೆ. ಆಮೇಲೆ ತುಕ್ಕು. ತುಕ್ಕಾದ ಕಬ್ಬಿಣ ಮೊದಲಿನ ಎರಡು ಪಟ್ಟಿಗೂ ಹೆಚ್ಚು ಜಾಗ ಕೇಳುತ್ತೆ. ಒಳಗಿಂದ ಉಬ್ಬಿ ಕವರ್ ಒಡೆಯುತ್ತೆ. ಸೂರಿಂದ ಪದರ ಉದುರೋದು, ಕಂಬಿ ಹಲ್ಲು ಕಿಸಿಯೋದು ನೋಡಿರ್ತೀರಿ. ಹಾಗೆ ಕಂಬಿ ಕಾಣೋ ಹೊತ್ತಿಗೆ ಅಲ್ಲಿ ಅದರ ಹಿಡಿತ ಹೋಗಿರುತ್ತೆ. ಬೋರ್ ನೀರನ್ನ ಒಂದು ಸಲ ಲ್ಯಾಬ್‌ಗೆ ಕೊಟ್ಟು ನೋಡಿ. ಹಾಗೇ, ಕಾಂಕ್ರೀಟ್ ಸಲೀಸಾಗಿ ಇಳೀಲಿ ಅಂತ ಮೇಲಿಂದ ಕೊಡ ಕೊಡ ನೀರು ಸುರಿಯೋದನ್ನ ನಿಲ್ಲಿಸಿ. ಜಾಸ್ತಿ ನೀರಿಗೆ ಒಂದೊಂದು ಕೈಯ ಹಿಡಿತವೂ ಸಡಿಲ ಆಗುತ್ತೆ.

ಈಗ ಮೋಲ್ಡ್ ಹಾಕೋ ದಿನ ಬೆಳಗ್ಗೆ, ಮಿಕ್ಸರ್ ಶುರುವಾಗೋ ಮುಂಚೆ, ನೀವು ನೋಡಬೇಕಾದ್ದು. ಫೋನಲ್ಲಿ ನೋಟ್ ಮಾಡ್ಕೊಳ್ಳಿ.

ಸಜ್ಜ, ಬಾಲ್ಕನಿಯ ಮುಖ್ಯ ಕಂಬಿ ಮೇಲಿದೆಯಾ? ಅದರ ಕೆಳಗೆ ಆಸರೆಗೆ ಕಂಬಿಯ ಕುರ್ಚಿ ಇಟ್ಟಿದಾರಾ? ಇಲ್ಲಾಂದ್ರೆ ಬಾಂಡ್ಲಿ ಹೊತ್ತು ಓಡಾಡೋರ ಕಾಲಿಗೆ ಸಿಕ್ಕಿ ಅದು ಕೆಳಗೆ ಹೋಗುತ್ತೆ, ಕೆಳಗೆ ಹೋದ ಕಂಬಿ ಅಲ್ಲಿ ಕೆಲಸಕ್ಕಿಲ್ಲ. ಕಂಬಿ ಹಿಂದಕ್ಕೆ ಎಷ್ಟು ಹೋಗಿದೆ, ಟೇಪ್ ಹಿಡೀರಿ. ಲ್ಯಾಪ್ ಎಷ್ಟಿದೆ, ಎಲ್ಲಾ ಒಂದೇ ಸಾಲಲ್ಲಿ ಬಂದಿದೆಯಾ ನೋಡಿ. ಸೆಂಟ್ರಿಂಗ್ ಹಲಗೆಗೆ ಹಚ್ಚಿದ ಎಣ್ಣೆ ಕಂಬಿಗೆ ತಾಗಿದ್ರೆ ಒರೆಸಿಸಿ. ಎಣ್ಣೆ, ಕೆಸರು, ಎರಡೂ ಹಿಡಿತಕ್ಕೆ ಶತ್ರು. ಕವರ್ ಬ್ಲಾಕ್ ಇಟ್ಟಿದಾರಾ, ಅಥವಾ ಜಲ್ಲಿ ಚೂರು ಇಟ್ಟು ಸುಮ್ಮನಾಗಿದಾರಾ? ಕೊನೇದು, ವೈಬ್ರೇಟರ್. ಕಂಬಿ ಸುತ್ತ ಪೊಳ್ಳು ಬಿದ್ರೆ ಅಲ್ಲಿ ಹಿಡಿಯೋ ಕೈಯೇ ಇಲ್ಲ.

ಪ್ರತಿ ಮೂಲೆಯ ಫೋಟೊ ತೆಗೆದಿಟ್ಕೊಳ್ಳಿ. ಸಂಜೆ ಹೊತ್ತಿಗೆ ಇದೆಲ್ಲ ಕಾಂಕ್ರೀಟ್ ಒಳಗೆ ಮುಚ್ಚಿಹೋಗಿರುತ್ತೆ. ಆಮೇಲೆ ಯಾರಿಗೂ ಕಾಣಲ್ಲ. ನಿಮ್ಮ ಮನೆಯ ಪಿಲ್ಲರ್, ಬೀಮ್ ಲೆಕ್ಕವನ್ನ ನಿಮ್ಮ ಎಂಜಿನಿಯರೇ ಹಾಕಬೇಕು, ನಾನು ಹೇಳಿದ ಅಳತೆ ಪ್ರಶ್ನೆ ಕೇಳೋಕೆ ಮಾತ್ರ. ಆದ್ರೆ ಕೇಳಿ. ಜಗಳ ಆಡೋ ಹಾಗೆ ಕೇಳಬೇಡಿ, ನಾನು ಮೊದಲ ದಿನ ಮಾಡಿದ ಹಾಗೆ.

ಮೇಸ್ತ್ರಿ ಮಾವ ಆ ಮನೆ ಪಿಲ್ಲರ್ ಕಂಬಿಯನ್ನೆಲ್ಲ ಬಿಚ್ಚಿಸಿ ಮತ್ತೆ ಕಟ್ಟಿಸಿದ್ರು. ಆಮೇಲೆ ಎರಡು ತುಂಡು ಕಂಬಿ ಕತ್ತರಿಸಿ, ಒಂದಕ್ಕೆ ಕೆಂಪು, ಒಂದಕ್ಕೆ ಹಳದಿ ಬಣ್ಣ ಹೊಡೆದ್ರು. ಕೆಂಪಿಂದು ಎರಡೂ ಕಾಲು ಅಡಿ, ಹಳದಿ ಮೂರಡಿ. ಹುಡುಗರಿಗೆ ಟೇಪ್ ಬೇಡ, ಕೋಲು ಇಟ್ಟು ನೋಡ್ರಲಾ ಅಂದ್ರು. ಈಗ ಯಾವ ಸೈಟಿಗೆ ಹೋದ್ರೂ ಅವೆರಡೂ ಕೋಲು ಅವರ ಬೈಕಲ್ಲಿ ಇರುತ್ತೆ.

ಅಜ್ಜಿ ಮನೆ ಸಜ್ಜ ಕಟ್ಟಿಸಿಕೊಟ್ಟಿದ್ದೂ ಅವರೇ. ಮೋಲ್ಡ್ ಹಾಕೋ ಮುಂಚೆ ಅಜ್ಜಿ ಬಂದು, 'ಈ ಸಲ ಕಂಬಿ ಒಳಕ್ಕೆ ಎಷ್ಟು ಹೋಗೈತೆ?' ಅಂತ ಕೇಳಿದ್ರು. ಮಾವ ಕೈಯಲ್ಲಿ ಅಳೆದು ತೋರಿಸಿದ್ರು. ಅಜ್ಜಿ ಮತ್ತೆ ಅದರ ಕೆಳಗೇ ಹುಣಸೆಹಣ್ಣು ಬಿಡಿಸ್ತಾರೆ. ಕರುವನ್ನ ಮಾತ್ರ ಇನ್ನೂ ಕೊಟ್ಟಿಗೇಲೇ ಕಟ್ಟೋದು.

ಇವತ್ತಿಗೆ ಇಷ್ಟು. ನಿಮ್ಮೂರಲ್ಲಿ ಮನೆ ಕಟ್ಟಿಸ್ತಿರೋರು ಯಾರಾದ್ರೂ ಇದ್ರೆ ಈ ಸಂಚಿಕೆಯನ್ನ ಅವರಿಗೆ ಕಳಿಸಿ, ಮೋಲ್ಡ್ ಹಾಕೋ ಮುಂಚೆ.